ಮನೆ ತೋರಿಸುವ ಮೊದಲು ಕಿಟಕಿ ತೆರೆಯಿರಿ

ಕಲ್ಲೂರಿನಲ್ಲಿ ನನ್ನ ದವಾಖಾನೆಯ ಹಿಂದೆ ಎರಡು ಕೋಣೆಯ ಒಂದು ಚಿಕ್ಕ ಮನೆ ಇದೆ. ಮಾವನವರು ಕಟ್ಟಿಸಿದ್ದು. ಬಾಡಿಗೆಗೆ ಕೊಡುತ್ತೇವೆ. ಕೆಲವು ವರ್ಷಗಳ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಅಲ್ಲಿದ್ದ ಕುಟುಂಬ ವರ್ಗಾವಣೆಯಾಗಿ ಹೊರಡುವುದಿತ್ತು. ಮನೆ ಖಾಲಿಯಾಗುತ್ತದೆ ಎಂಬ ಸುದ್ದಿ ನಮ್ಮಂತಹ ಊರಲ್ಲಿ ಹಬ್ಬಲು ಒಂದು ದಿನ ಸಾಕು. ಬೆಳಿಗ್ಗೆ ರೋಗಿಗಳ ನಡುವೆ ಕುಳಿತಿದ್ದಾಗ ಗಂಡ, ಹೆಂಡತಿ, ಅತ್ತೆ, ಕಂಕುಳಲ್ಲಿ ಎಂಟು ತಿಂಗಳ ಕೂಸು, ಎಲ್ಲರೂ ಬಾಗಿಲಿಗೆ ಬಂದರು. "ಡಾಕ್ಟರಮ್ಮಾರ, ಮನಿ ನೋಡಾಕ ಬಂದೀವ್ರಿ" ಎಂದರು. "ಹೋಗಿ ನೋಡ್ಕೊಂಡು ಬರ್ರಿ" ಎಂದೆ.

ಒಳಗಿದ್ದವರ ಹುಡುಗನಿಗೆ ಎರಡು ದಿನದಿಂದ ಜ್ವರ, ಕೆಮ್ಮು, ಕಣ್ಣು ಕೆಂಪು ಎಂಬುದು ನನಗೆ ಗೊತ್ತಿತ್ತು. ನಾನೇ ನೋಡಿದ್ದೆ. ಚಳಿಗಾಲದ ನಜ್ಲಾ ಎಂದುಕೊಂಡು ಜೋಶಾಂದಾ ಕೊಟ್ಟು ಕಳಿಸಿದ್ದೆ. ಅವನು ಮಲಗಿದ್ದ ಕೋಣೆಯ ಕಿಟಕಿ ಗಾಳಿಗೆ ಹೆದರಿ ಮುಚ್ಚಿತ್ತು. ಬಂದವರು ಅದೇ ಕೋಣೆಯಲ್ಲಿ ನಿಂತು ಅಲಮಾರಿ ಎಷ್ಟು, ಗೋಡೆಗೆ ಮೊಳೆ ಹೊಡೆಯಬಹುದೇ ಎಂದು ಹತ್ತು ನಿಮಿಷ ಮಾತನಾಡಿದರು. ಕೂಸು ತಾಯಿಯ ಕಂಕುಳಲ್ಲೇ ಇತ್ತು.

ಎರಡು ದಿನ ಕಳೆಯುವಷ್ಟರಲ್ಲಿ ಹುಡುಗನ ಕಿವಿಯ ಹಿಂದೆ ಕೆಂಪು ದದ್ದು ಎದ್ದು ಮುಖಕ್ಕೆ, ಎದೆಗೆ ಇಳಿಯಿತು. ದಡಾರ. ಎರಡನೆಯ ಡೋಸ್ ಲಸಿಕೆ ಹಾಕಿಸಿರಲಿಲ್ಲ. ಹನ್ನೊಂದನೆಯ ದಿನ ಮನೆ ನೋಡಲು ಬಂದಿದ್ದ ಕೂಸಿಗೆ ಜ್ವರ ಏರಿತು. ಆಮೇಲೆ ದದ್ದು, ಅದರ ಹಿಂದೆಯೇ ನ್ಯುಮೋನಿಯಾ. ರಾಯಚೂರಿನ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇತ್ತು. ಅಲ್ಲಾಹನ ಕೃಪೆಯಿಂದ ಉಳಿಯಿತು. ದಡಾರದ ಮೊದಲ ಲಸಿಕೆ ಕೊಡುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ತಾಯಿಯಿಂದ ಬಂದ ರಕ್ಷಣೆ ಕರಗಿ, ಲಸಿಕೆಯ ರಕ್ಷಣೆ ಇನ್ನೂ ಸಿಗದ ಆ ನಡುವಿನ ವಯಸ್ಸಿನಲ್ಲಿ ಅದನ್ನು ಆ ಕೋಣೆಗೆ ಕಳಿಸಿದವಳು ವೈದ್ಯೆಯಾದ ನಾನು. ಈ ಲೇಖನ ಬರೆಯಲು ಅದೇ ಕಾರಣ.

ನಮ್ಮ ಪುಟಗಳಲ್ಲಿ ಚಳಿಗಾಲದ ಆಹಾರದ ಬಗ್ಗೆ, ಕಷಾಯದ ಬಗ್ಗೆ ಸಾಕಷ್ಟು ಬಂದಿದೆ. ಮನೆಯ ಬಗ್ಗೆ, ಅದರಲ್ಲೂ ಬಾಡಿಗೆ ಮನೆಯ ಬಗ್ಗೆ, ಯಾರೂ ಬರೆಯುವುದಿಲ್ಲ. ನಮ್ಮ ಕಡೆ ಭತ್ತದ ಕೊಯ್ಲು ಮುಗಿದು, ಹತ್ತಿ ಬಿಡಿಸಿ, ಕೈಯಲ್ಲಿ ನಾಲ್ಕು ಕಾಸು ಬರುವುದು ಇದೇ ತಿಂಗಳುಗಳಲ್ಲಿ. ಹತ್ತಿ ಮಿಲ್ಲಿಗೆ, ರೈಸ್ ಮಿಲ್ಲಿಗೆ ಕೆಲಸಕ್ಕೆ ಬಂದವರು ಕೋಣೆ ಹುಡುಕುವುದೂ ಆಗಲೇ. ರಾಯಚೂರಿಗೆ, ಮಾನ್ವಿಗೆ, ದೇವದುರ್ಗಕ್ಕೆ ಓಡಾಡುವ ಶಿಕ್ಷಕರು, ನರ್ಸ್‌ಗಳು, ಬ್ಯಾಂಕಿನವರು ಮನೆ ಬದಲಿಸುತ್ತಿರುತ್ತಾರೆ. ಅದೇ ಸಮಯಕ್ಕೆ ಕೆಮ್ಮು, ಫ್ಲೂ, ದಡಾರ, ಸಿಡುಬಿನಂತಹ ಗುಳ್ಳೆ, ಕೆಪ್ಪಟೆ ಕೂಡ ಊರೂರು ತಿರುಗುತ್ತಿರುತ್ತವೆ. ಫ್ಲೂ ಜ್ವರ ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಲ ಏರುತ್ತದೆ, ಮಳೆಗಾಲದಲ್ಲಿ ಒಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ.

ರಾಯಚೂರು ಎಂದರೆ ಬಿಸಿಲು ಎನ್ನುವುದು ನಮ್ಮ ತಲೆಯಲ್ಲಿ ಎಷ್ಟು ಕೂತಿದೆ ಎಂದರೆ ಮನೆಗಳನ್ನೂ ಬಿಸಿಲಿನ ವಿರುದ್ಧವೇ ಕಟ್ಟಿದ್ದೇವೆ. ದಪ್ಪ ಕಲ್ಲಿನ ಗೋಡೆ, ಮೊಳದಷ್ಟು ಕಿಟಕಿ, ಮೇಲೊಂದು ಬೆಳಕಿಂಡಿ. ಬೇಸಿಗೆಯಲ್ಲಿ ಬಾಗಿಲು ಹಗಲೂ ರಾತ್ರಿ ತೆರೆದಿರುವುದರಿಂದ ಅದು ನಡೆಯುತ್ತದೆ. ಡಿಸೆಂಬರ್ ಬಂದರೆ ಬಾಗಿಲು ಮುಚ್ಚಿತು, ಕಿಟಕಿಗೆ ಗೋಣಿಚೀಲ ಬಿತ್ತು, ಬೆಳಕಿಂಡಿಗೆ ಹಳೆಯ ಬಟ್ಟೆ ತುರುಕಿದ್ದಾಯಿತು. ಆರು ಜನ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಒಬ್ಬರು ಬಿಟ್ಟ ಉಸಿರನ್ನೇ ಬೆಳಗಿನವರೆಗೆ ಉಳಿದ ಐವರು ಎಳೆದುಕೊಳ್ಳುತ್ತಾರೆ.

ವಿಜಯಪುರದಲ್ಲಿ ಬಿ.ಯು.ಎಂ.ಎಸ್. ಓದುವಾಗ ನಮಗೆ ಮೊದಲ ವರ್ಷವೇ ಹೇಳಿಕೊಟ್ಟದ್ದು ಅಸ್ಬಾಬೆ ಸಿತ್ತಾ ಝರೂರಿಯಾ, ಅಂದರೆ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳು. ಅನ್ನಪಾನ, ನಿದ್ರೆ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನದ್ದೂ ಹಾಗೆಯೇ, ವಿಸರ್ಜನೆ, ಇವೆಲ್ಲ ಅದರಲ್ಲಿವೆ. ಆದರೆ ಆ ಆರರಲ್ಲಿ ಮೊದಲನೆಯದು ಹವಾ, ನಮ್ಮನ್ನು ಸುತ್ತುವರಿದ ಗಾಳಿ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ಕೂಡ ಗಾಳಿಯಿಂದಲೇ ಆರಂಭಿಸಿದ್ದ. ನಾವು ಯುನಾನಿ ವೈದ್ಯರು ಈಗ ಮಾಜೂನು, ಶರಬತ್ತು ಮಾರುವುದರಲ್ಲಿ ಮುಳುಗಿ ಆ ಮೊದಲನೆಯ ಪಾಠವನ್ನು ರೋಗಿಗೆ ಹೇಳುವುದನ್ನೇ ಬಿಟ್ಟಿದ್ದೇವೆ. ಈ ದೂರು ಮೊದಲು ನನ್ನ ಮೇಲೆ.

ನಮ್ಮ ಸಮುದಾಯದ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಪರ್ದಾದ ಹೆಸರಿನಲ್ಲಿ ರಸ್ತೆ ಕಡೆಯ ಕಿಟಕಿಗೆ ಹಲಗೆ ಬಡಿದು, ಮೊಳೆ ಹೊಡೆದು ಶಾಶ್ವತವಾಗಿ ಮುಚ್ಚಿದ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಮಾಲೀಕರು "ನಮ್ಮ ಮನೆ ಪರ್ದಾಗೆ ಬಲು ಅನುಕೂಲ" ಎಂದು ಅದನ್ನೇ ಹೊಗಳಿ ಬಾಡಿಗೆ ಹೇಳುತ್ತಾರೆ. ಒಳಗಿರುವ ಹೆಣ್ಣುಮಕ್ಕಳು ಇಡೀ ದಿನ ಹೊಗೆ, ಒಗ್ಗರಣೆಯ ಘಾಟು, ಮಕ್ಕಳ ಕೆಮ್ಮು ಎಲ್ಲವನ್ನೂ ನುಂಗುತ್ತ ಕೂರುತ್ತಾರೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಪರದೆ ಹಾಕಿ, ಮೇಲಿನ ಅರ್ಧ ತೆರೆದಿಡಿ. ಆಳೆತ್ತರಕ್ಕಿಂತ ಮೇಲೆ ಒಂದು ಬೆಳಕಿಂಡಿ ಇಡಿಸಿ. ಸೊಳ್ಳೆಗೆ ಜಾಲಿ ಬಡಿಸಿ. ಹೊರಗಿನವರ ಕಣ್ಣು ಒಳಗೆ ಬೀಳಬಾರದು ಅಷ್ಟೆ. ಗಾಳಿ ಯಾರಿಗೂ ಗೈರ್ ಮೆಹ್ರಮ್ ಅಲ್ಲ.

ಈಗ ತೋರಿಸುವ ವಿಷಯ. ಜನ ಇರುವ ಮನೆಯನ್ನು ತೋರಿಸುವಾಗ ಮಾಲೀಕರು ಮರೆಯುವುದೇನೆಂದರೆ, ಗೋಡೆ ನಮ್ಮದಾದರೂ ಬಾಡಿಗೆ ಕೊಟ್ಟಿರುವಷ್ಟು ದಿನ ಆ ಮನೆ ಅವರದು. ಬೇರೆಯವರ ಮನೆಗೆ ಅನುಮತಿ ಕೇಳದೆ, ಸಲಾಮ್ ಹೇಳದೆ ಕಾಲಿಡಬಾರದು, ಹಿಂತಿರುಗಿ ಎಂದರೆ ಹಿಂತಿರುಗಬೇಕು ಎಂದು ಸೂರಃ ಅನ್ನೂರ್‌ನಲ್ಲಿ ಅಲ್ಲಾಹನು ಕಲಿಸಿದ್ದಾನೆ. ಅಲ್ಲಿ ಮಾಲೀಕನಿಗೆ ರಿಯಾಯಿತಿ ಇದೆಯೆಂದು ನಾನು ಎಲ್ಲೂ ಓದಿಲ್ಲ. ಕೇಂದ್ರ ಸರಕಾರ 2021ರಲ್ಲಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯ್ದೆಯೂ ಒಳಬರುವ 24 ಗಂಟೆ ಮೊದಲು ತಿಳಿಸಬೇಕು, ಸೂರ್ಯ ಹುಟ್ಟುವ ಮುನ್ನ ಮತ್ತು ಮುಳುಗಿದ ಮೇಲೆ ಬರಬಾರದು ಎನ್ನುತ್ತದೆ.

ಆ 24 ಗಂಟೆ ಆರೋಗ್ಯದ ದೃಷ್ಟಿಯಿಂದಲೂ ಬೆಲೆಬಾಳುವಂಥದ್ದು. ಹಿಂದಿನ ದಿನ ಫೋನ್ ಮಾಡಿ, "ಭಾಭಿ, ನಾಳೆ ಇಬ್ಬರು ನೋಡಲು ಬರುತ್ತಾರೆ. ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಮೈಮೇಲೆ ಗುಳ್ಳೆ ಇದೆಯೇ?" ಎಂದು ಕೇಳಿ. ಇದೆ ಎಂದರೆ ದಿನ ಮುಂದೂಡಿ. ಎಷ್ಟು ದಿನ? ಫ್ಲೂ ಇದ್ದವರು ಜ್ವರ ಬರುವ ಹಿಂದಿನ ದಿನದಿಂದ ಐದಾರು ದಿನ, ಕೆಲವೊಮ್ಮೆ ವಾರದವರೆಗೆ ಹರಡುತ್ತಾರೆ. ದಡಾರ ದದ್ದು ಏಳುವ ನಾಲ್ಕು ದಿನ ಮೊದಲೂ, ಎದ್ದ ನಾಲ್ಕು ದಿನ ಆಮೇಲೂ ಅಂಟುತ್ತದೆ. ಅದರ ವೈರಸ್ ರೋಗಿ ಕೋಣೆ ಬಿಟ್ಟುಹೋದ ಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ಹುಡುಗನನ್ನು ಪಕ್ಕದ ಮನೆಗೆ ಕಳಿಸಿ ಆ ಕೋಣೆ ತೋರಿಸಿದರೂ ಪ್ರಯೋಜನವಿಲ್ಲ ಎಂದಾಯಿತು. ಸಿಡುಬಿನಂತಹ ಗುಳ್ಳೆಯಾದರೆ ಎಲ್ಲ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವವರೆಗೆ ಕಾಯಬೇಕು. ಕೆಪ್ಪಟೆಗೆ ಗಲ್ಲ ಊದಿದ ಮೇಲೆ ಐದು ದಿನ. ಒಟ್ಟಿನಲ್ಲಿ ಹತ್ತು ದಿನ ಕಾದರೆ ಇವುಗಳಲ್ಲಿ ಹೆಚ್ಚಿನವು ದಾಟುತ್ತವೆ. ನಮ್ಮೂರಿನ ಸಣ್ಣ ಮನೆಗೆ ಮೂರೂವರೆ ಸಾವಿರ ಬಾಡಿಗೆ ಎಂದಿಟ್ಟುಕೊಳ್ಳಿ. ಹತ್ತು ದಿನಕ್ಕೆ ಸಾವಿರದ ನೂರ ಎಪ್ಪತ್ತು ರೂಪಾಯಿ ಆಗುತ್ತದೆ. ಆ ಕೂಸಿನ ತಂದೆ ಒಂಬತ್ತು ದಿನ ಕೂಲಿ ಬಿಟ್ಟು ರಾಯಚೂರಿನಲ್ಲಿ ಕೂತ ಲೆಕ್ಕವನ್ನು ನಾನು ಆಗ ಹಾಕಿ ನೋಡಿದ್ದೆ.

ಆದರೆ ಕೇಳಿದಾಗ ಬಾಡಿಗೆದಾರರು ನಿಜ ಹೇಳುತ್ತಾರೆಯೇ? ಬಹಳಷ್ಟು ಸಲ ಹೇಳುವುದಿಲ್ಲ. ಹೇಳದಂತೆ ಮಾಡಿದವರು ನಾವೇ. ಹತ್ತಿ ಮಿಲ್ಲಿನಲ್ಲಿ ದುಡಿಯುವ ಒಬ್ಬ ಹೆಣ್ಣುಮಗಳು ನನ್ನ ಬಳಿ ಬರುತ್ತಿದ್ದಳು. ಟಿ.ಬಿ. ಆಗಿತ್ತು. ಸರಕಾರಿ ಆಸ್ಪತ್ರೆಯ ಮಾತ್ರೆಗಳನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಡುತ್ತಿದ್ದಳು, ಮನೆ ಮಾಲೀಕರ ಕಣ್ಣಿಗೆ ಬೀಳಬಾರದೆಂದು. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಗೊತ್ತಾಗುತ್ತದೆ ಎಂದು ಅವರಿಗೆ ತಪ್ಪು ವಿಳಾಸ ಕೊಟ್ಟಿದ್ದಳು. ಮಾಲೀಕರು ಪದೇಪದೇ ಜನರನ್ನು ಕರೆತಂದು ಮನೆ ತೋರಿಸತೊಡಗಿದಾಗ, ಗೊತ್ತಾಗಿಬಿಟ್ಟಿದೆ, ಅದಕ್ಕೇ ಓಡಿಸುತ್ತಿದ್ದಾರೆ ಎಂಬ ಭಯಕ್ಕೆ ಡಬ್ಬಿ ತೆಗೆಯುವುದನ್ನೇ ಬಿಟ್ಟಳು. ಹದಿನೈದು ದಿನ ಮಾತ್ರೆ ತಪ್ಪಿತು.

ಟಿ.ಬಿ. ಬಗ್ಗೆ ಇಷ್ಟು ತಿಳಿದಿರಲಿ. ಅದು ತಟ್ಟೆ ಲೋಟದಿಂದ, ಬಟ್ಟೆಯಿಂದ, ಅವರು ಮಲಗಿದ್ದ ಗೋಡೆಯಿಂದ ಅಂಟುವುದಿಲ್ಲ. ಕೆಮ್ಮಿದಾಗ ಹೊರಬಿದ್ದ ಗಾಳಿಯಿಂದ ಅಂಟುತ್ತದೆ, ಅದೂ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ಜೊತೆಗಿದ್ದರೆ. ಸಾಮಾನ್ಯ ಟಿ.ಬಿ.ಗೆ ಸರಿಯಾದ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ಬಹಳಷ್ಟು ಕುಗ್ಗುತ್ತದೆ. ಆರು ತಿಂಗಳು ಬಿಡದೆ ನುಂಗಿದರೆ ವಾಸಿಯಾಗುತ್ತದೆ. ಔಷಧ ಉಚಿತ. ಪೌಷ್ಟಿಕ ಆಹಾರಕ್ಕೆಂದು ಸರಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಇದಕ್ಕೆ ನನ್ನಲ್ಲಿ ಬೇರೆ ಮದ್ದಿಲ್ಲ. ಎರಡು ವಾರ ದಾಟಿದ ಕೆಮ್ಮು ಬಂದರೆ ನಾನು ಕಫ ಪರೀಕ್ಷೆಗೆ ಸರಕಾರಿ ಆಸ್ಪತ್ರೆಗೆ ಕಳಿಸುತ್ತೇನೆ. ಮದ್ದು ನುಂಗುತ್ತಿರುವ ರೋಗಿಯನ್ನು ಮನೆಯಿಂದ ಹೊರಹಾಕಿದರೆ ಆತ ವಿಳಾಸ ಕಳೆದುಕೊಳ್ಳುತ್ತಾನೆ, ಮಾತ್ರೆ ಕಳೆದುಕೊಳ್ಳುತ್ತಾನೆ, ಇನ್ನೊಂದು ಓಣಿಯ ಇನ್ನೂ ಕತ್ತಲಾದ ಕೋಣೆ ಸೇರಿ ಅಲ್ಲಿ ಹರಡುತ್ತಾನೆ. ಮಾಲೀಕರೇ, ಅಂಥವರು ನಿಮ್ಮ ಮನೆಯಲ್ಲಿದ್ದರೆ "ಮದ್ದು ಮುಗಿಯುವ ತನಕ ಇರಿ" ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಸುಮ್ಮನಿದ್ದರೆ ಅವರು ಹೊರಹಾಕುತ್ತಾರೆ ಎಂದೇ ತಿಳಿಯುತ್ತಾರೆ.

ಪ್ಲೇಗ್ ಇರುವ ಊರಿಗೆ ಹೋಗಬೇಡಿ, ನೀವಿರುವ ಊರಿಗೆ ಅದು ಬಂದರೆ ಬಿಟ್ಟು ಓಡಬೇಡಿ ಎಂದು ಪ್ರವಾದಿ(ಸ) ಕಲಿಸಿದ್ದನ್ನು ಕೊರೋನಾ ಕಾಲದಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಕಳಿಸಿಕೊಂಡೆವು. ಒಂದು ಮನೆಯ ಅಳತೆಗೆ ಅದನ್ನು ಇಳಿಸಿಕೊಂಡರೆ, ಕಾಯಿಲೆ ಇರುವ ಕೋಣೆಗೆ ಹೊಸಬರನ್ನು ಕಳಿಸಬೇಡಿ, ಕಾಯಿಲೆಯವರನ್ನು ಅಲ್ಲಿಂದ ಓಡಿಸಬೇಡಿ ಎಂದು ನಾನು ಓದಿಕೊಳ್ಳುತ್ತೇನೆ. ಇದು ನನ್ನ ತಿಳುವಳಿಕೆ, ಫತ್ವಾ ಅಲ್ಲ.

ಖಾಲಿ ಮನೆಯದ್ದು ಬೇರೆ ಕತೆ. ತಿಂಗಳುಗಟ್ಟಲೆ ಬೀಗ ಬಿದ್ದ ಮನೆಗೆ ನೋಡುವವರನ್ನು ಕರೆದುಕೊಂಡೇ ಹೋಗಿ ಬೀಗ ತೆಗೆಯುವುದು ನಮ್ಮ ರೂಢಿ. ಮುಗ್ಗಲು ವಾಸನೆ ಮುಖಕ್ಕೆ ಬಡಿಯುತ್ತದೆ, ದಮ್ಮು ಇದ್ದವರಿಗೆ ಅಲ್ಲೇ ಉಬ್ಬಸ ಶುರು. ಎರಡು ದಿನ ಮೊದಲೇ ಹೋಗಿ ಎದುರು ಬದುರು ಇರುವ ಬಾಗಿಲು ಕಿಟಕಿ ತೆರೆದಿಡಿ. ಇಲಿ ಹಿಕ್ಕೆ ಇದ್ದರೆ ಒಣ ಪೊರಕೆಯಿಂದ ಗುಡಿಸಿ ಧೂಳೆಬ್ಬಿಸಬೇಡಿ, ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ತೆಗೆಯಿರಿ. ಹಿಂದೆ ಹಬ್ಬಕ್ಕೆ, ಉರೂಸಿಗೆ ಸುಣ್ಣ ಬಳಿಯುತ್ತಿದ್ದೆವಲ್ಲ, ಅದು ಒಳ್ಳೆಯ ಪದ್ಧತಿ. ಸುಣ್ಣದ ಗೋಡೆಯಲ್ಲಿ ಬೂಸು ಸುಲಭವಾಗಿ ಹಿಡಿಯುವುದಿಲ್ಲ. ಈಗ ಒದ್ದೆ ಗೋಡೆಯ ಮೇಲೆಯೇ ಪೇಂಟ್ ಹೊಡೆಸಿ, ಅದರ ವಾಸನೆ ಆರುವ ಮೊದಲೇ ಬಾಡಿಗೆದಾರರನ್ನು ಇಳಿಸುತ್ತಾರೆ.

ಖಾಲಿ ಮನೆಯ ನೀರಿನ ತೊಟ್ಟಿ, ಸಂಪು, ಮೇಲಿನ ಸಿಂಟೆಕ್ಸ್, ಹಿತ್ತಲಿನ ಡ್ರಮ್ಮು, ಇವೆಲ್ಲ ಡೆಂಗ್ಯೂ ಸೊಳ್ಳೆಯ ಹೆರಿಗೆ ಮನೆಗಳು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಮನೆ ಖಾಲಿಯಾದ ದಿನವೇ ಬಸಿದು ಒಣಗಿಸಿ. ಹೊಸಬರು ಬರುವ ಮುನ್ನ ಉಜ್ಜಿ ತೊಳೆದು, ತುಂಬಿಸಿದ ನೀರಿಗೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಕಲಸಿ ಒಂದು ಗಂಟೆ ಬಿಡಿ. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕೆಟ್ಟು ವಾಂತಿಭೇದಿಯಿಂದ ಜನ ಸತ್ತದ್ದು, ಮರುವರ್ಷ ದೇವದುರ್ಗ ತಾಲೂಕಿನ ರೇಕಲಮರಡಿಯಲ್ಲಿ ಅದೇ ಆದದ್ದು ಮರೆಯುವಷ್ಟು ಹಳೆಯದಲ್ಲ. ಪೈಪಿನಲ್ಲಿ ಬರುವ ನೀರು ನಮ್ಮ ಕೈಯಲ್ಲಿಲ್ಲದಿರಬಹುದು, ತೊಟ್ಟಿ ನಮ್ಮದೇ.

ಇನ್ನು ಲೋಬಾನ. ಮನೆ ತೋರಿಸುವ ಮೊದಲು ಲೋಬಾನದ ಹೊಗೆ ಹಾಕಿದರೆ "ಜಂತು ಸಾಯ್ತಾವ" ಎಂದು ಅನೇಕರು ನನ್ನನ್ನೇ ಸಾಕ್ಷಿಗೆ ಕರೆಯುತ್ತಾರೆ, ಯುನಾನಿಯವಳು ಒಪ್ಪುತ್ತಾಳೆ ಎಂದು. ನಮ್ಮ ಗ್ರಂಥಗಳಲ್ಲಿ ಧೂಪನ ಇದೆ, ನಿಜ. ಸುವಾಸನೆ ನನಗೂ ಇಷ್ಟ. ಆದರೆ ಮುಚ್ಚಿದ ಕೋಣೆಯಲ್ಲಿ ಹಾಕಿದ ಹೊಗೆ ಫ್ಲೂ ತಡೆಯುತ್ತದೆ ಎಂದು ನಾನು ಸಹಿ ಹಾಕಲಾರೆ. ದಮ್ಮಿನವರಿಗೆ, ಕೂಸುಗಳಿಗೆ ಅದು ಕೆಡುಕೇ. ಹಾಕಲೇಬೇಕೆಂದರೆ ಜನ ಇಲ್ಲದಾಗ, ಕಿಟಕಿ ತೆರೆದು ಹಾಕಿ.

ಹೊಗೆಯ ಮಾತು ಬಂದಿದ್ದರಿಂದ ಇನ್ನೂ ದೊಡ್ಡ ಅಪಾಯಕ್ಕೆ ಬರುತ್ತೇನೆ. ಬಾಣಂತಿಯ ಕೋಣೆ. ಚಿಲ್ಲಾದ ನಲವತ್ತು ದಿನ ಬಾಗಿಲು ಕಿಟಕಿ ಬಂದ್, ಮಂಚದ ಕೆಳಗೆ ಇದ್ದಿಲ ಕೆಂಡದ ಶಿಗಡಿ. ಚಳಿಗಾಲದಲ್ಲಿ ರಾತ್ರಿಯಿಡೀ. ಕೆಂಡ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ನಿದ್ದೆಯಂತಹ ಮಂಪರು. ಮಲಗಿದ್ದವರು ಏಳುವುದಿಲ್ಲ. ಹೊಗೆ ಕಾಣದ ಕೆಂಡ ಸುರಕ್ಷಿತ ಎಂದು ಹಿರಿಯ ಹೆಂಗಸರು ಹೇಳುತ್ತಾರೆ. ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ವಿಷ ಇರುತ್ತದೆ. ಬಾಣಂತಿಗೆ ಬೆಚ್ಚಗಿರಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಕಂಬಳಿ, ಕಾಲುಚೀಲ, ಬಿಸಿನೀರಿನ ಚೀಲ ಇವೆ. ಶಿಗಡಿ ಬೇಕೇ ಬೇಕೆಂದರೆ ಹಗಲಲ್ಲಿ, ಕಿಟಕಿ ತೆರೆದು, ಸ್ವಲ್ಪ ಹೊತ್ತು, ಮಲಗುವ ಮೊದಲು ಹೊರಗೆ.

ಅದೇ ಅನಿಲ ಬಚ್ಚಲಿನ ಗ್ಯಾಸ್ ಗೀಸರಿನಿಂದಲೂ ಬರುತ್ತದೆ. ರಾಜ್ಯದಲ್ಲಿ ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಹೆಣವಾದ ಸುದ್ದಿ ಚಳಿಗಾಲದಲ್ಲಿ ಮತ್ತೆ ಮತ್ತೆ ಓದುತ್ತೇವೆ. ಬಚ್ಚಲೊಳಗೆ ಗ್ಯಾಸ್ ಗೀಸರ್ ಕೂಡಿಸಿ "ಬಿಸಿನೀರಿನ ಅನುಕೂಲ ಇದೆ" ಎಂದು ಐನೂರು ಹೆಚ್ಚು ಬಾಡಿಗೆ ಕೇಳುವ ಮಾಲೀಕರಿಗೆ ನಾನು ಕೈಮುಗಿದು ಹೇಳುವುದು, ಅದನ್ನು ಹೊರಗಿನ ಗೋಡೆಗೆ ಕೂಡಿಸಿ, ಪೈಪಿನಲ್ಲಿ ನೀರು ಒಳಗೆ ತನ್ನಿ. ಬಚ್ಚಲಿಗೆ ಮುಚ್ಚಲಾಗದ ಗಾಳಿಕಿಂಡಿ ಇರಲಿ. ಮನೆಯವರೆಲ್ಲರಿಗೂ ಬೆಳಿಗ್ಗೆ ಒಟ್ಟಿಗೆ ತಲೆನೋವು, ಹೊರಗೆ ಬಂದರೆ ಇಳಿಯುತ್ತದೆ ಎಂದಾದರೆ ಅದು ನೆಗಡಿಯಲ್ಲ. ಯಾರಾದರೂ ಬಿದ್ದದ್ದು ಕಂಡರೆ ಬಾಗಿಲು ತೆರೆದು ಹೊರಗೆಳೆದು 108ಕ್ಕೆ ಫೋನ್ ಮಾಡಿ. ನಿಂಬೆಹಣ್ಣು ಮೂಸಿಸುತ್ತ ಕೂರಬೇಡಿ.

ಮನೆ ನೋಡಲು ಹೋಗುವವರಿಗೆ ಎರಡು ಮಾತು. ಇಡೀ ಕುಟುಂಬ ಹೋಗಬೇಡಿ. ವರ್ಷ ತುಂಬದ ಕೂಸು, ಬಸುರಿ, ದಮ್ಮಿನ ಅಜ್ಜಿ ಮನೆಯಲ್ಲೇ ಇರಲಿ. ಒಬ್ಬರೋ ಇಬ್ಬರೋ ಹೋಗಿ, ಮೊಬೈಲಿನಲ್ಲಿ ವೀಡಿಯೋ ಮಾಡಿ ತೋರಿಸಿ, ಇರುವವರ ಒಪ್ಪಿಗೆ ಕೇಳಿ. ನಿಮಗೇ ಕೆಮ್ಮು ಇದ್ದರೆ ಹೋಗುವುದೇ ಬೇಡ. ಹೋದಲ್ಲಿ ಟೈಲ್ಸ್ ನೋಡುವ ಮೊದಲು ಕಿಟಕಿ ತೆರೆಯುತ್ತದೆಯೇ ಎಂದು ಕೈಯಿಂದ ತಳ್ಳಿ ನೋಡಿ.

ದವಾಖಾನೆಯ ಹಿಂದಿನ ನಮ್ಮ ಮನೆಗೆ ಈಗ ದೊಡ್ಡ ಕಿಟಕಿ ಇಡಿಸಿದ್ದೇವೆ. ಗೋಡೆ ಒಡೆಯುವಾಗ ನಮ್ಮವರು, "ಬಾಡಿಗೆ ಇಷ್ಟೇ, ಖರ್ಚು ಅಷ್ಟು" ಎಂದು ಎರಡು ದಿನ ಗೊಣಗಿದರು. ಕಳೆದ ಜನವರಿಯಲ್ಲಿ ಒಳಗಿದ್ದವರ ಮಗಳಿಗೆ ಗುಳ್ಳೆ ಎದ್ದಾಗ, ನೋಡಲು ಬಂದವರನ್ನು ಹನ್ನೆರಡು ದಿನ ಬಿಟ್ಟು ಬನ್ನಿ ಎಂದು ವಾಪಸು ಕಳಿಸಿದೆ. ಅವರು ಬರಲಿಲ್ಲ, ಬೇರೆ ಕಡೆ ಮನೆ ಹಿಡಿದರು. ಮನೆ ತಿಂಗಳು ಖಾಲಿ ಉಳಿಯಿತು. ಆ ಎಂಟು ತಿಂಗಳ ಕೂಸು ಈಗ ಅಂಗನವಾಡಿಗೆ ಹೋಗುತ್ತದೆ. ತಾಯಿ ಇವತ್ತಿಗೂ ನನ್ನ ಬಳಿಯೇ ಔಷಧಕ್ಕೆ ಬರುತ್ತಾಳೆ. ಅದು ಹೇಗೆ ಬಂತು ಎಂದು ಅವಳಿಗೆ ನಾನು ಹೇಳಿದ್ದೇನೆ. ಕೇಳಿಸಿಕೊಂಡು, "ನಿಮಗೂ ಗೊತ್ತಿರಲಿಲ್ಲಲ್ರೀ ಅಮ್ಮಾರ" ಎಂದಳು.